ನೀರಿಗೆ ಜಗ್ಗದ ಹಲಗೆ ಅಕ್ಕಿ ಡಬ್ಬಿಗೆ ಜಗ್ಗಿತು

ಡೊಂಬಿವಲಿಯ ನಮ್ಮ ಮನೆಯಲ್ಲಿ ಒಲೆಯ ಪಕ್ಕದ ಗೋಡೆಗೆ ಮೂರಡಿ ಹಲಗೆಯೊಂದನ್ನು ಕೂರಿಸಿ ಎರಡು ಬೇಸಿಗೆ ಕಳೆದವು. ಮರದ ಹುಡಿಯನ್ನು ಪ್ಲಾಸ್ಟಿಕ್‌ ಜೊತೆ ಕಾಯಿಸಿ ಒತ್ತಿ ತೆಗೆದ ಡಬ್ಲ್ಯುಪಿಸಿ ಹಲಗೆ. ‘ನೀರು ಕುಡಿಯುವುದಿಲ್ಲ, ಗೆದ್ದಲು ಹತ್ತುವುದಿಲ್ಲ’ ಎಂದಿದ್ದರು ಕಾರ್ಕಳ ಕಡೆಯ ನಮ್ಮ ಬಡಗಿ. ಮಳೆಗಾಲದಲ್ಲಿ ಬಚ್ಚಲ ಬಾಗಿಲು ಕೊಳೆತು ಬೇಸತ್ತಿದ್ದ ನಮಗೆ ಅಷ್ಟು ಸಾಕಿತ್ತು. ಮೊನ್ನೆ ಅವರೇ ಬಂದು ತುದಿಯಿಂದ ತುದಿಗೆ ದಾರ ಬಿಗಿದು ತೋರಿಸಿದರು: ನಡುವೆ ಬೆರಳು ದಪ್ಪದ ಸಂದು. ಹಲಗೆ ಉಬ್ಬಿಲ್ಲ, ಬಿರಿದಿಲ್ಲ. ಅಕ್ಕಿ ಡಬ್ಬಿಗಳ ಭಾರಕ್ಕೆ ಮೆಲ್ಲಗೆ ಬಾಗಿದೆ.

ನೀರು ತಡೆಯುತ್ತದೆಯೇ ಎಂದು ನಾವು ಕೇಳಿದ್ದು ಪ್ಲೈವುಡ್ ಕಾಲದ ಪ್ರಶ್ನೆ. ತೇವದ ಜಾಗಗಳಿಗೆಂದೇ ಮಾಡಿದ ಮರೈನ್ ಪ್ಲೈಯನ್ನು 72 ಗಂಟೆ ಕುದಿಸಿ ಅಂಟು ಬಿಟ್ಟಿತೇ ಎಂದು ನೋಡುತ್ತಾರೆ. ಹಾಗಾಗಿ ನೀರು ತಡೆಯುವುದೇ ನಮಗೆ ಗಟ್ಟಿತನದ ಅಳತೆಗೋಲಾಗಿದೆ.

ಮರದ ಹುಡಿಯ ಬೆರಕೆ ಹಳೆಯದು. 1907ರಲ್ಲಿ ಲಿಯೋ ಬೇಕೆಲ್ಯಾಂಡ್ ಕಂಡುಹಿಡಿದ ಬೇಕಲೈಟ್‌ಗೂ ಅದನ್ನು ಬೆರೆಸುತ್ತಿದ್ದರು. ಆದರೆ ಬೇಕಲೈಟ್ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದು. 1980ರ ದಶಕದಲ್ಲಿ ಅಮೆರಿಕದ ಕಾರುಗಳ ಒಳಭಾಗಕ್ಕೆ, 1990ರ ದಶಕದಲ್ಲಿ ಮನೆಯ ಹೊರಜಗಲಿಗಳಿಗೆ ಬಂದದ್ದು ಮರದ ಹುಡಿ ಬೆರೆಸಿದ, ಬಿಸಿಗೆ ಮೆತ್ತಗಾಗುವ ಪ್ಲಾಸ್ಟಿಕ್‌ಗಳು. ಸುಮಾರು 200 ಡಿಗ್ರಿ ದಾಟಿದರೆ ಮರದ ಹುಡಿ ಸೀದುಹೋಗುತ್ತದೆ. ಅದಕ್ಕಿಂತ ಕಡಿಮೆ ಬಿಸಿಗೇ ಕರಗುವ ಪ್ಲಾಸ್ಟಿಕ್ ಬೇಕೇ ಬೇಕು. ತಯಾರಿಕೆಗೆ ಒದಗುವ ಆ ಗುಣವೇ ಬಿಸಿಲಿನಲ್ಲಿ, ಒಲೆಯ ಮಗ್ಗುಲಲ್ಲಿ ಮುಳುವಾಗುತ್ತದೆ. ಭಾರ ತೆಗೆಯದೆ ಬಿಟ್ಟರೆ ದಿನದಿಂದ ದಿನಕ್ಕೆ ಬಾಗುತ್ತಲೇ ಹೋಗುವ ಇದಕ್ಕೆ ಎಂಜಿನಿಯರುಗಳು ಕ್ರೀಪ್ ಎನ್ನುತ್ತಾರೆ.

ನೀರಿನ ಭರವಸೆಯೂ ಪೂರ್ತಿ ನಿಜವಲ್ಲ. ಫ್ಲಾರಿಡಾದ ಎವರ್‌ಗ್ಲೇಡ್ಸ್ ಉದ್ಯಾನದ ಕಾಲುದಾರಿಯ ಇಂಥ ಹಲಗೆಗಳಲ್ಲಿ ಶಿಲೀಂಧ್ರ ಬೆಳೆದದ್ದು 1998ರಲ್ಲಿ ವರದಿಯಾಯಿತು. ಪ್ರತಿ ಕಣವನ್ನೂ ಪ್ಲಾಸ್ಟಿಕ್ ಮುಚ್ಚಿರುತ್ತದೆ ಎಂದು ನಂಬಿದ್ದರು. ಆದರೆ ಮರದ ಪಾಲು ಹೆಚ್ಚಾದಾಗ ಕಣಕ್ಕೆ ಕಣ ತಾಗಿಕೊಂಡಿರುತ್ತದೆ, ತೇವ ಅದೇ ಹಾದಿ ಹಿಡಿದು ಒಳಗಿಳಿಯುತ್ತದೆ. ಅದು ಬಹಳ ನಿಧಾನ. ಒಂದು ದಿನ ನೀರಲ್ಲಿ ಅದ್ದಿ ತೂಗಿದರೆ ಗೊತ್ತೇ ಆಗುವುದಿಲ್ಲ.

ಅಮೆರಿಕದ ಮಾನದಂಡ ಸಂಸ್ಥೆ ಎಎಸ್‌ಟಿಎಂ 2004ರಲ್ಲಿ ಇಂಥ ಹೊರಜಗಲಿ ಹಲಗೆಗಳಿಗೆ ತಂದ ಡಿ7032 ಮಾನದಂಡ ಇದನ್ನೆಲ್ಲ ಗಂಭೀರವಾಗಿ ತೆಗೆದುಕೊಂಡಿತು. ಬಿಸಿಲು, ಶಿಲೀಂಧ್ರ, ಗೆದ್ದಲುಗಳ ಜೊತೆಗೆ 52 ಡಿಗ್ರಿ ಬಿಸಿಯಲ್ಲೂ ಹಲಗೆಯನ್ನು ಬಾಗಿಸಿ ನೋಡಬೇಕು. ನನಗೆ ಬಹಳ ಮುಖ್ಯವೆನಿಸುವುದು ಇನ್ನೊಂದು: ಉದ್ದೇಶಿತ ಭಾರದ ಎರಡರಷ್ಟನ್ನು 24 ಗಂಟೆ ಹೇರಿ, ಇಳಿಸಿ, ಮತ್ತೆ 24 ಗಂಟೆ ಕಾಯುತ್ತಾರೆ. ಬಾಗಿದ್ದರಲ್ಲಿ ಮುಕ್ಕಾಲು ಪಾಲಾದರೂ ಹಲಗೆ ಹಿಂದಕ್ಕೆ ಏಳಬೇಕು.

ಬಡಗಿ ನಡುವೆ ಇನ್ನೊಂದು ಆನಿಕೆ ಕೊಟ್ಟು ಹೋದರು. ಹಲಗೆ ತಂದ ಅಂಗಡಿಗೆ ಹೋಗಿ ಪರೀಕ್ಷೆಯ ಕಾಗದ ಕೇಳಿದೆ. ನೀರು ಹೀರಿದ ಪ್ರಮಾಣ ಮೊದಲ ಸಾಲಿನಲ್ಲೇ ಇತ್ತು. ಬಾಗುವ ಬಲದ ಅಂಕಿಯೂ ಇತ್ತು, ಕೋಣೆಯ ಬಿಸಿಯಲ್ಲಿ ಅಳೆದದ್ದು. ಎಷ್ಟು ಗಂಟೆ ಭಾರ ಹೇರಿದ್ದರೆಂಬ ಸಾಲು ಅದರಲ್ಲಿ ಇರಲಿಲ್ಲ.