ಎರಿ ಉಂಡೆ, ಮಸಾರಿ ಉಂಡೆ

ಸೊಸೆ ಫೋನಿನಲ್ಲಿ ಶರದೃತುವಿನ ಒಂದು ಆಟದ ಡಬ್ಬಿ ತೋರಿಸಿದಳು. ಪ್ಲಾಸ್ಟಿಕ್ಕಿನ ಕೆಂಪು ಎಲೆ, ಪುಟ್ಟ ಕುಂಬಳಕಾಯಿ, ಬಣ್ಣ ಹಾಕಿದ ಅಕ್ಕಿ. ಸಣ್ಣ ಮಕ್ಕಳು ಮುಟ್ಟಿ, ಕಲಸಿ, ಸುರಿದು ಆಡಲಿ ಅಂತ ಮಾಡಿದ್ದು. ‘ತರಸೂನೇನ್ರಿ ಅತ್ತಿ?’ ಅಂದಳು. ಆಟವೇನೋ ಒಳ್ಳೆಯದೇ. ಆದರೆ ಆ ಕೆಂಪು ಎಲೆ ನಮ್ಮ ಶರದೃತುವಿನದಲ್ಲ.

ಲಂಡನ್ನಿನಲ್ಲಿ ಜೂನ್ ಕೊನೆಯ ಹಗಲು 16 ಗಂಟೆಗೂ ಜಾಸ್ತಿ. ಡಿಸೆಂಬರ್ ಹೊತ್ತಿಗೆ ಅದು 8 ಗಂಟೆಗೆ ಬಂದು ನಿಲ್ಲುತ್ತದೆ. ಹಗಲು ಕುಗ್ಗುತ್ತಾ ಚಳಿ ಏರುವಾಗ ಅಲ್ಲಿನ ಮರಗಳು ಎಲೆಯ ಹಸಿರನ್ನು ಒಡೆದು, ಅದರ ಸಾರವನ್ನು ಒಳಗೆಳೆದುಕೊಳ್ಳುತ್ತವೆ. ಮೊದಲೇ ಎಲೆಯಲ್ಲಿದ್ದ ಹಳದಿ ಆಗ ಕಾಣುತ್ತದೆ. ಧಾರವಾಡದಲ್ಲಿ ಹಗಲು ಇಳಿಯುವುದು 13 ಗಂಟೆಯಿಂದ ಹೆಚ್ಚುಕಡಿಮೆ 11 ಗಂಟೆಗೆ, ಅಷ್ಟೇ. ಇಲ್ಲಿ ಸಾಗವಾನಿ, ಬೇವು ಎಲೆ ಉದುರಿಸುವುದು ಮಳೆ ನಿಂತು ನೆಲ ಒಣಗಿದ ಮೇಲೆ, ನೀರು ಉಳಿಸಿಕೊಳ್ಳಲು. ಆಶ್ವೀಜದಲ್ಲಿ ಮರಗಳೆಲ್ಲ ಹಸಿರಾಗೇ ಇರುತ್ತವೆ. ನಮ್ಮ ಶರದೃತುವನ್ನು ಹೊಲದಲ್ಲಿ ನೋಡಬೇಕು. ಕಿತ್ತು ಹಾಕಿದ ಶೇಂಗಾ, ಮುಂಗಾರಿ ಜೋಳ, ಒಡೆಯುತ್ತಿರುವ ಹತ್ತಿ, ಶೀಗಿ ಹುಣ್ಣಿಮೆಗೆ ಹೊಲದ ತುಂಬ ಅಡುಗೆ ಚೆಲ್ಲುವ ಚರಗ.

ಮೊಮ್ಮಗಳಿಗೆ ಎರಡೂವರೆ ವರ್ಷ. ಪಡಸಾಲೆಯಲ್ಲಿ ಚಾಪೆ ಹಾಸಿ, ಸ್ಟೀಲಿನ ಪರಾತದ ತುಂಬ ಜೋಳ ಸುರಿದೆ. ಮೊದಲು ಒಂದೇ ಬೆರಳು ಇಟ್ಟಳು. ಆಮೇಲೆ ಮಣಿಕಟ್ಟಿನ ತನಕ ಕೈ ಹುಗಿದಳು. ಎತ್ತಿದಾಗ ಕಾಳು ಬೆರಳ ಸಂದಿಯಿಂದ ಜಾರಿದವು. ಮುಷ್ಟಿ ಬಿಗಿ ಮಾಡಿದಷ್ಟೂ ಜಾರಿದವು. ಐದಾರು ಸಲ ಹೀಗಾದ ಮೇಲೆ, ಯಾರೂ ಹೇಳಿಕೊಡದೆ, ಅಂಗೈಯನ್ನೇ ಬಟ್ಟಲು ಮಾಡಿದಳು.

ಆ ಐದಾರು ಸಲದಲ್ಲಿ ಬಹಳ ಕೆಲಸ ನಡೆದಿತ್ತು. ಒಂದು ಕೈಯ ಅಂಗೈ ಮತ್ತು ಬೆರಳುಗಳ ಒಳಬದಿಯಲ್ಲಿ ಸುಮಾರು 17,000 ಸ್ಪರ್ಶಗ್ರಾಹಕಗಳಿವೆ. ಎಲ್ಲವೂ ಒಂದೇ ಸುದ್ದಿ ಕಳಿಸುವುದಿಲ್ಲ. ಕಾಳು ಜಾರತೊಡಗಿದ್ದನ್ನು ಮೊದಲು ಹಿಡಿಯುವುದು ಮೀಸ್ನರ್ ಅನ್ನುವ ಬಗೆ. ಕಾಳಿನ ದುಂಡು, ಅಂಚು, ಒತ್ತು ತಿಳಿಸುವುದು ಮರ್ಕೆಲ್. ಶೇಂಗಾ ಸಿಪ್ಪೆ ಪಟ್ ಅಂತ ಒಡೆದಾಗಿನ ಸಣ್ಣ ಅದುರನ್ನು ಹಿಡಿಯುವುದು ಇನ್ನೂ ಆಳದಲ್ಲಿರುವ ಪಾಚೀನಿ. ‘ಜಾರ್ತಾ ಇದೆ’ ಅನ್ನುವ ಸುದ್ದಿ ಹೋಗುತ್ತಲೇ ಹಿಡಿತ ತಾನಾಗೇ ಬದಲಾಗಬೇಕು. ಇದು ನಮಗೆ ಗಮನಕ್ಕೂ ಬಾರದ ಕೆಲಸ. ಮಗುವಿಗೆ ಅದನ್ನು ಪಳಗಿಸಿಕೊಳ್ಳಲು ವರ್ಷಗಳೇ ಬೇಕು. ನಾಳೆ ಚಮಚ ಹಿಡಿಯುವುದು, ಗುಂಡಿ ಹಾಕುವುದು, ಪೆನ್ಸಿಲ್ ಹಿಡಿಯುವುದು ಎಲ್ಲ ಇದರ ಮೇಲೇ ನಿಂತಿವೆ. ಅದಕ್ಕೇ ಆ ಹೊತ್ತಿನಲ್ಲಿ ‘ಇದ್ಯಾವ ಬಣ್ಣ? ಎಷ್ಟ ಅದಾವು?’ ಅಂತ ಕೇಳಬಾರದು ಅಂತ ನನಗೆ ಅನಿಸುತ್ತದೆ. ಸುಮ್ನೆ ಪಕ್ಕದಲ್ಲಿ ಕೂತಿರಬೇಕು.

ಹತ್ತಿ ಕೊಟ್ಟಾಗ ಕೆನ್ನೆಗೆ ಒತ್ತಿಕೊಂಡು ‘ಬಿಸಿ ಐತಿ’ ಅಂದಳು. ಪರಾತ ಮುಟ್ಟಿ ‘ತಣ್ಣಗ’ ಅಂದಳು. ಎರಡೂ ರಾತ್ರಿಯೆಲ್ಲ ಒಂದೇ ಕೋಣೆಯಲ್ಲಿದ್ದವು, ಎರಡರ ಉಷ್ಣತೆಯೂ ಒಂದೇ. ಸ್ಟೀಲು ಕೈಯ ಬಿಸಿಯನ್ನು ಸರ್ರನೆ ಎಳೆದುಕೊಳ್ಳುತ್ತದೆ. ಹತ್ತಿ ತನ್ನೊಳಗಿನ ಗಾಳಿಯಿಂದಾಗಿ ಎಳೆದುಕೊಳ್ಳುವುದಿಲ್ಲ. ನಮ್ಮ ಚರ್ಮ ಅಳೆಯುವುದು ವಸ್ತುವಿನ ಬಿಸಿಯನ್ನಲ್ಲ, ತನ್ನದೇ ಬಿಸಿ ಎಷ್ಟು ಬೇಗ ಹೋಗುತ್ತಿದೆ ಅನ್ನುವುದನ್ನು. ಹತ್ತಿಯ ಒಂದೊಂದು ಎಳೆಯೂ ಒಂದೇ ಒಂದು ಜೀವಕೋಶ, ಎರಡು-ಮೂರು ಸೆಂಟಿಮೀಟರ್ ಉದ್ದ ಬೆಳೆದದ್ದು. ಅವಳ ಮುಷ್ಟಿಯಲ್ಲಿ ಅಂಥವು ಸಾವಿರಾರು ಇದ್ದವು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಈ ವಯಸ್ಸಿನಲ್ಲಿ ಸಿಕ್ಕಿದ್ದೆಲ್ಲ ಬಾಯಿಗೆ, ಮೂಗಿಗೆ ಹೋಗುತ್ತದೆ. ಶೇಂಗಾ ಬೀಜ, ಕಡಲೆ ಉಸಿರಿನ ನಳಿಗೆಗೆ ಇಳಿದರೆ ಜೀವಕ್ಕೇ ಅಪಾಯ. ಆದ್ದರಿಂದ ಶೇಂಗಾ ಒಡೆದದ್ದು ನಾನು, ಅವಳು ಕೈಯಿಟ್ಟು ಅದುರು ನೋಡಿದಳು, ಬೀಜ ನನ್ನ ಹತ್ತಿರವೇ ಇಟ್ಟುಕೊಂಡೆ. ಜೋಳದ ಮುಂದೆಯೂ ದೊಡ್ಡವರು ಕೂತಿರಲೇಬೇಕು, ಅರ್ಧ ನಿಮಿಷವೂ ಏಳಬಾರದು. ಗುಲಗಂಜಿ ಮತ್ತು ಔಡಲ (ಹರಳು) ಬೀಜ ನೋಡಲು ಎಷ್ಟು ಚೆಂದವಿದ್ದರೂ ಮನೆಯೊಳಗೆ ತರಬೇಡಿ. ಎರಡರಲ್ಲೂ ಕೊಲ್ಲುವಂಥ ವಿಷವಿದೆ. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ ಅಂತಾರೆ, ಮಗುವಿನ ಕಣ್ಣಿಗೆ ಅದೂ ಜಾಸ್ತಿಯೇ.

ಕೊನೆಗೆ ಮಣ್ಣು. ಧಾರವಾಡದ ಪಶ್ಚಿಮಕ್ಕೆ ಕೆಂಪು ಮಸಾರಿ, ನವಲಗುಂದದ ಕಡೆ ಹೋದರೆ ಕಪ್ಪು ಎರಿ. ಎರಡನ್ನೂ ಒಂದೊಂದು ಬೊಗಸೆ ತರಿಸಿ, ಜರಡಿ ಹಿಡಿದು, ನೀರು ಹಾಕಿ ಕಲಸಿದೆವು. ಮಸಾರಿ ಬೆರಳಿಗೆ ತರಿತರಿ. ಎರಿ ನುಣ್ಣಗೆ, ಅಂಟು. ಕೈಬಿಡಲೇ ಒಲ್ಲದು. ಎರಿ ಮಣ್ಣಿನ ಕಣಗಳು ತೆಳ್ಳನೆಯ ಹಾಳೆಗಳ ಹಾಗೆ ಒಂದರ ಮೇಲೊಂದು ಇರುತ್ತವೆ. ನೀರು ಆ ಹಾಳೆಗಳ ನಡುವೆ ಹೊಕ್ಕು ಮಣ್ಣು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬ್ಯಾಸಿಗಿಯಲ್ಲಿ ಎರಿ ಹೊಲ ಕಾಲು ಸಿಗುವಷ್ಟು ಬಿರುಕು ಬಿಡುವುದು ಇದಕ್ಕೇ.

ಎರಡು ಉಂಡೆ ಮಾಡಿ ಕಟ್ಟೆಯ ಮೇಲೆ ಬಿಸಿಲಿಗಿಟ್ಟು, ಸಾಬೂನು ಹಚ್ಚಿ ಕೈ ತೊಳೆದೆವು. ಮೂರನೆಯ ದಿನ ಮಸಾರಿ ಉಂಡೆ ಹೆಚ್ಚುಕಡಿಮೆ ಇದ್ದ ಹಾಗೇ ಇತ್ತು. ಎರಿ ಉಂಡೆ ನಡುವೆ ಸೀಳಿತ್ತು. ಅವಳು ಆ ಸೀಳಿನೊಳಗೆ ಕಿರುಬೆರಳಿನ ಉಗುರು ತೂರಿಸಿ ಸುಮಾರು ಹೊತ್ತು ಕೂತಳು.

‘ಆಯಿ, ಬಾಯಿ ತಗದೈತಿ,’ ಅಂದಳು. ‘ನೀರ ಕೊಡ್ಲಿ?’

ಅನ್ನುತ್ತಲೇ ತಂಬಿಗೆ ತರಲು ಒಳಗೆ ಓಡಿದಳು.