ಕಂಡದ್ದು ಬೇರೆ, ಅಂದುಕೊಂಡದ್ದು ಬೇರೆ

ಏಳು ತಿಂಗಳ ಕೂಸು ತಾಯಿಯ ತೊಡೆಯ ಮೇಲಿದೆ. ತಾಯಿ ಗಿಲಕಿ ಆಡಿಸುತ್ತಾಳೆ, ಕೂಸು ನಗುತ್ತದೆ. ಸ್ವಲ್ಪ ಹೊತ್ತಿಗೆ ಅದು ಮುಖವನ್ನು ಎಡಕ್ಕೆ ಹೊರಳಿಸಿ ಬೆರಳು ಚೀಪತೊಡಗುತ್ತದೆ. ತಾಯಿ ಅದು ತಿರುಗಿದ ಕಡೆಗೇ ಬಾಗಿ ಗಿಲಕಿಯನ್ನು ಇನ್ನೂ ಜೋರಾಗಿ ಅಲ್ಲಾಡಿಸುತ್ತಾಳೆ. ಕೂಸು ಬೆನ್ನು ಸೆಟೆಸಿ ಅಳುತ್ತದೆ. ಇಷ್ಟೂ ಇಪ್ಪತ್ತು ಸೆಕೆಂಡಿನ ವಿಡಿಯೊ. ತರಬೇತಿಗೆ ಬಂದವರ ಕೈಗೆ ಹಾಳೆ ಕೊಟ್ಟು ‘ಕಂಡದ್ದನ್ನು ಬರೆಯಿರಿ’ ಎಂದರೆ ಮೊದಲ ದಿನ ಬರುವ ಉತ್ತರಗಳು ಹೀಗಿರುತ್ತವೆ: ‘ತಾಯಿಗೆ ಮಗುವಿನ ಸೂಚನೆ ಅರ್ಥವಾಗುವುದಿಲ್ಲ’, ‘ಮಗು ತಾಯಿಯನ್ನು ದೂರ ತಳ್ಳುತ್ತಿದೆ’, ‘ಆಟಿಸಂ ಇರಬಹುದು’. ಇವು ಯಾವುವೂ ವಿಡಿಯೊದಲ್ಲಿಲ್ಲ. ಅದರಲ್ಲಿರುವುದು ಹೊರಳಿದ ಮುಖ, ಬಾಯಿಗೆ ಹೋದ ಬೆರಳು, ಜೋರಾದ ಗಿಲಕಿ, ಅಷ್ಟೇ.

ಎಳೆಯ ಮಕ್ಕಳ ಮಾನಸಿಕ ಆರೋಗ್ಯವನ್ನು ಅಂದಾಜಿಸಲು ಕಲಿಸುವುದೆಂದರೆ ಬಹುಪಾಲು ಈ ಅಭ್ಯಾಸವನ್ನು ಬಿಡಿಸುವುದೇ. ಹಾಳೆಯನ್ನು ಎರಡು ಅಂಕಣ ಮಾಡಿಸಬೇಕು. ಎಡಕ್ಕೆ ಸೆಕೆಂಡಿನ ಲೆಕ್ಕದಲ್ಲಿ ಕಂಡದ್ದು, ಬಲಕ್ಕೆ ಅನ್ನಿಸಿದ್ದು. ಮೊದಲ ಸಲ ಮಗುವನ್ನು ಮಾತ್ರ ನೋಡಬೇಕು, ಅದೂ ಧ್ವನಿ ಮುಚ್ಚಿ. ಎರಡನೇ ಸಲ ಎತ್ತಿಕೊಂಡವರನ್ನು ಮಾತ್ರ. ಮೂರನೇ ಸಲ ಇಬ್ಬರನ್ನೂ: ಯಾರು ಶುರುಮಾಡಿದರು, ಯಾರು ಹಿಂಬಾಲಿಸಿದರು, ತಪ್ಪಿದ ತಾಳ ಮತ್ತೆ ಕೂಡಿತೇ? ಅಲ್ಲಿಯವರೆಗೆ ಬಲಗಡೆಯ ಅಂಕಣ ಖಾಲಿಯಾಗಿಯೇ ಇರಲಿ. ಧ್ವನಿ ಮುಚ್ಚುವುದಕ್ಕೆ ಕಾರಣವಿದೆ. ಕೋಣೆಯಲ್ಲಿ ದೊಡ್ಡವರು ಮಾತಾಡುತ್ತಿದ್ದರೆ ನಮ್ಮ ಕಣ್ಣು ತಾನಾಗಿ ಅವರ ಕಡೆಗೇ ಹೋಗುತ್ತದೆ. ಮಾತು ಬಾರದ ಮಗು ಬೆನ್ನು, ಬೆರಳು, ಉಸಿರುಗಳಲ್ಲಿ ಹೇಳುತ್ತಿರುವುದು ತಪ್ಪಿಹೋಗುತ್ತದೆ.

ಆ ವಯಸ್ಸಿನಲ್ಲಿ ಮುಖ ಹೊರಳಿಸುವುದು ಬಹಳ ಸಲ ‘ಸಾಕು, ಸ್ವಲ್ಪ ತಡಿ’ ಎಂಬ ವಿರಾಮ. ಒಂದು ಸಲ ಅದನ್ನು ಯಾರಾದರೂ ಗಮನಿಸದೆ ಹೋದರೆ ಏನೂ ಹೇಳಿದಂತಾಗಲಿಲ್ಲ. ಹಾಲೂಡುವಾಗ, ಬಟ್ಟೆ ಬದಲಿಸುವಾಗ, ಆಡುವಾಗ ಮೂರರಲ್ಲೂ ಅದೇ ಮರುಕಳಿಸಿದರೆ ಬಲಗಡೆಯ ಅಂಕಣದಲ್ಲಿ ಒಂದು ಸಾಲು ಬರೆಯಬಹುದು, ಅದೂ ಪೆನ್ಸಿಲಿನಲ್ಲಿ.

ಮನಶ್ಶಾಸ್ತ್ರಜ್ಞ ಎಡ್ವರ್ಡ್ ಟ್ರಾನಿಕ್ 1970ರ ದಶಕದಲ್ಲಿ ರೂಪಿಸಿದ ‘ಸ್ಟಿಲ್ ಫೇಸ್’ ಪ್ರಯೋಗವನ್ನು ಹೆಚ್ಚಿನ ತರಬೇತಿಗಳಲ್ಲಿ ತೋರಿಸುತ್ತಾರೆ. ತಾಯಿ ಆಡುತ್ತ ಆಡುತ್ತ ಮುಖವನ್ನು ಕಲ್ಲಾಗಿಸುತ್ತಾಳೆ, ಮಗು ಕರೆಯುತ್ತದೆ, ಕೈಚಾಚುತ್ತದೆ, ಕೊನೆಗೆ ಕುಸಿಯುತ್ತದೆ. ನೋಡುವವರು ಅಲ್ಲಿಗೇ ಮರುಗಿ ನಿಂತುಬಿಡುತ್ತಾರೆ. ಕಲಿಯಬೇಕಾದದ್ದು ಆಮೇಲಿನ ಭಾಗದಲ್ಲಿದೆ: ತಾಯಿಯ ಮುಖ ಮರಳಿದಾಗ ಇಬ್ಬರೂ ಮತ್ತೆ ಹೇಗೆ ಹೊಂದಿಕೊಳ್ಳುತ್ತಾರೆ ಎಂಬುದು. ತಾಯಿ–ಮಗುವಿನ ಬಾಂಧವ್ಯವನ್ನು ಅಳೆಯಲು ಮನಶ್ಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್ ರೂಪಿಸಿದ ‘ಸ್ಟ್ರೇಂಜ್ ಸಿಚುಯೇಷನ್’ ವಿಷಯದಲ್ಲೂ ಇದೇ ಎಡವಟ್ಟು. ಸುಮಾರು ಮೂರು ಮೂರು ನಿಮಿಷದ ಎಂಟು ಹಂತಗಳ ಆ ಪ್ರಯೋಗದಲ್ಲಿ ತಾಯಿ ಹೊರಗೆ ಹೋದಾಗ ಮಗು ಅತ್ತಿತೇ ಎನ್ನುವುದಕ್ಕಿಂತ, ಅವಳು ಮರಳಿ ಬಂದಾಗ ಅದು ಏನು ಮಾಡಿತು ಎನ್ನುವುದಕ್ಕೆ ಹೆಚ್ಚು ತೂಕ. ಮೇಲಾಗಿ ಅದು ಸಂಶೋಧನೆಗೆಂದು ಹುಟ್ಟಿದ ಸಾಧನ. ಅದನ್ನು ಗುರುತಿಸಿ ಅಂಕ ಕೊಡಲು ಪ್ರತ್ಯೇಕ ತರಬೇತಿಯೇ ಬೇಕು. ಕ್ಲಿನಿಕ್ಕಿನಲ್ಲಿ ಬಾಗಿಲು ತೆಗೆದು ಮುಚ್ಚಿ ‘ಬಾಂಧವ್ಯ ಸರಿಯಿಲ್ಲ’ ಎಂದು ಬರೆಯುವುದು ಕೈಚಳಕವೇ ಹೊರತು ಪರೀಕ್ಷೆಯಲ್ಲ.

ಹುಟ್ಟಿನಿಂದ ಐದು ವರ್ಷದವರೆಗಿನ ಮಕ್ಕಳಿಗೆಂದು ಅಮೆರಿಕದ ‘ಜೀರೊ ಟು ಥ್ರೀ’ ಸಂಸ್ಥೆ 2016ರಲ್ಲಿ ಹೊರತಂದ, ಮಾನಸಿಕ ತೊಂದರೆಗಳ ಡಿಸಿ 0–5 ವರ್ಗೀಕರಣವು ಪೂರ್ಣ ಮೌಲ್ಯಮಾಪನಕ್ಕೆ ಕನಿಷ್ಠ 45 ನಿಮಿಷಗಳ ಮೂರರಿಂದ ಐದು ಭೇಟಿ ಬೇಕೆನ್ನುತ್ತದೆ. ಒಂದೇ ಭೇಟಿಯಲ್ಲಿ ಮುಗಿಸಿದರೆ ಹಸಿದ, ನಿದ್ದೆಗೆಟ್ಟ ಮಗುವನ್ನು ನೋಡಿ ಅದರ ಸ್ವಭಾವವನ್ನೇ ಬರೆದುಬಿಡುವ ಅಪಾಯವಿದೆ. ಕೊನೆಯ ಊಟ ಯಾವಾಗ, ಕೊನೆಯ ನಿದ್ದೆ ಯಾವಾಗ ಎಂಬುದು ಪ್ರತಿ ದಾಖಲೆಯ ಮೊದಲ ಸಾಲಾಗಿರಬೇಕು. ಮೊದಲ ಭೇಟಿ ಹೆತ್ತವರ ಮಾತಿಗೆ: ಬಸಿರು, ಹೆರಿಗೆ, ಮನೆಯ ದಿನಚರಿ, ಮತ್ತು ಈ ಚಿಂತೆ ನಿಜಕ್ಕೂ ಯಾರದು ಎಂಬುದು. ‘ನಿಮ್ಮ ಮಗು ಎಂಥದ್ದು, ಐದು ಪದಗಳಲ್ಲಿ ಹೇಳಿ. ಒಂದೊಂದಕ್ಕೂ ನಡೆದ ಒಂದು ಸಂಗತಿ ಹೇಳಿ’ ಎಂದರೆ ಉದ್ದನೆಯ ಪ್ರಶ್ನಾವಳಿಯಲ್ಲಿ ಸಿಗದ್ದು ಸಿಗುತ್ತದೆ. ‘ಹಟಮಾರಿ’ ಎಂದವರಿಗೆ ಒಂದೂ ಸಂಗತಿ ನೆನಪಾಗದಿದ್ದರೆ ಅದನ್ನೂ ಬರೆದುಕೊಳ್ಳಬೇಕು. ನಂತರದ ಭೇಟಿಗಳಲ್ಲಿ ಮಗುವನ್ನು ಮುಖ್ಯವಾಗಿ ನೋಡಿಕೊಳ್ಳುವ ಒಬ್ಬೊಬ್ಬರ ಜೊತೆಗೂ ಬೇರೆಬೇರೆಯಾಗಿ ನೋಡಬೇಕು, ಏಕೆಂದರೆ ಒಬ್ಬರ ಜೊತೆಗಷ್ಟೇ ಕಾಣಿಸಿ ಇನ್ನೊಬ್ಬರ ಜೊತೆ ಕಾಣಿಸದ ತೊಂದರೆಗಳಿವೆ. ನಡೆದಾಡುವ ಮಕ್ಕಳಿಗೆ ಸ್ವತಂತ್ರ ಆಟ, ಆಟಿಕೆ ಎತ್ತಿಡುವುದು, ಸೋಪಿನ ಗುಳ್ಳೆ, ಬರಬರುತ್ತ ಕಷ್ಟವಾಗುವ ಒಗಟಿನ ಆಟಗಳು, ಸ್ವಲ್ಪ ಹೊತ್ತು ಅಗಲಿ ಮತ್ತೆ ಕೂಡುವುದು ಎಂಬ ಕ್ರಮ ಚೆನ್ನಾಗಿ ಕೆಲಸ ಮಾಡುತ್ತದೆ. ಹೊಸಬರು ಗುಳ್ಳೆಯಾಟವನ್ನು ನೋಡುತ್ತ ಮೈಮರೆಯುತ್ತಾರೆ. ಅನುಭವಿಗಳು ಕಾಯುವುದು ಆಟಿಕೆ ಎತ್ತಿಡುವ ಆ ಮೂರ್ನಾಲ್ಕು ನಿಮಿಷಕ್ಕೆ, ಏಕೆಂದರೆ ಬೇಡವೆಂದ ಮಗುವಿನೊಡನೆ ದೊಡ್ಡವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದು ಅಲ್ಲಿ ಬಯಲಾಗುತ್ತದೆ.

ಡಿಸಿ 0–5 ವರ್ಗೀಕರಣದಲ್ಲಿ ಐದು ಅಕ್ಷಗಳಿವೆ, ಅಂದರೆ ಮಗುವನ್ನು ನೋಡಬೇಕಾದ ಐದು ಬದಿಗಳು: ಕಾಯಿಲೆ, ಸಂಬಂಧ, ದೈಹಿಕ ಆರೋಗ್ಯ, ಬದುಕಿನ ಒತ್ತಡಗಳು, ಬೆಳವಣಿಗೆ. ಎಲ್ಲರೂ ಓಡುವುದು ಮೊದಲನೆಯದಕ್ಕೆ. ಮೂರನೆಯದರಿಂದ ಶುರುಮಾಡಿಸುವುದು ಲೇಸು. ಕಿವಿ ಕೇಳದ ಮಗು ಹೆಸರು ಕರೆದರೆ ತಿರುಗುವುದಿಲ್ಲ. ಶ್ರವಣ ಪರೀಕ್ಷೆಯ ವರದಿ ಕೈಯಲ್ಲಿಲ್ಲದೆ ಸಾಮಾಜಿಕ ಸ್ಪಂದನದ ಬಗ್ಗೆ ಮಾತಾಡುವುದೇ ತಪ್ಪು. ಎಂಟು ವಾರ ಮೊದಲೇ ಹುಟ್ಟಿದ ಹತ್ತು ತಿಂಗಳ ಮಗುವನ್ನು ಸುಮಾರು ಎಂಟು ತಿಂಗಳ ಮಗುವೆಂದು ನೋಡಬೇಕು. ಈ ತಿದ್ದಿದ ವಯಸ್ಸನ್ನು ಎರಡು ವರ್ಷದವರೆಗೆ ಲೆಕ್ಕಕ್ಕೆ ಹಿಡಿಯುವುದು ರೂಢಿ. ಇದೊಂದನ್ನು ಮರೆತರೆ ಸಾಕು, ಆರೋಗ್ಯವಾಗಿರುವ ಮಗುವಿಗೂ ‘ಹಿಂದುಳಿದಿದೆ’ ಎಂಬ ಹಣೆಪಟ್ಟಿ ಬೀಳುತ್ತದೆ.

ಸ್ಕ್ರೀನಿಂಗ್ (ಮೊದಲ ಸುತ್ತಿನ ತಪಾಸಣೆ) ಮತ್ತು ರೋಗನಿರ್ಣಯವನ್ನು ಬೆರೆಸುವುದು ಇನ್ನೊಂದು ಹಳೆಯ ರೋಗ. 16ರಿಂದ 30 ತಿಂಗಳ ಮಕ್ಕಳಿಗಿರುವ ಆಟಿಸಂ ಸ್ಕ್ರೀನಿಂಗ್ ಪ್ರಶ್ನಾವಳಿ ಎಂ-ಚಾಟ್-ಆರ್‌ನ 20 ಪ್ರಶ್ನೆಗಳು ಯಾರನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು ಎಂದು ಹೇಳುತ್ತವೆ, ಅದಕ್ಕಿಂತ ಹೆಚ್ಚಿನದನ್ನಲ್ಲ.

ತಂಡ ಒಟ್ಟಿಗೆ ವಿಡಿಯೊ ನೋಡುವಾಗ, ಕಂಡ ನಡವಳಿಕೆಗೆ ಕೊಡುವ ಅಂಕಗಳನ್ನು ಮೊದಲು ಒಬ್ಬೊಬ್ಬರೂ ಬರೆದಿಟ್ಟುಕೊಳ್ಳಬೇಕು, ಚರ್ಚೆ ಆಮೇಲೆ. ಹಿರಿಯರು ಮೊದಲು ಬಾಯಿಬಿಟ್ಟರೆ ಕಿರಿಯರ ಅಂಕ ಅಲ್ಲಿಗೇ ವಾಲುತ್ತದೆ, ಆ ಒಮ್ಮತಕ್ಕೆ ಬೆಲೆಯಿಲ್ಲ. ಅಂಕ ಹೊಂದದಿದ್ದರೆ ವಾದ ಬೇಡ, ವಿಡಿಯೊದ ಆ ಸೆಕೆಂಡಿಗೆ ಹಿಂದಿರುಗಿದರಾಯಿತು. ಇದರ ಜೊತೆಗೆ, ಕೆಲಸ ಮಾಡುವವರ ಒಳಗೆ ಏಳುವ ಸಿಟ್ಟು, ಕನಿಕರಗಳನ್ನು ಹಿರಿಯರೊಬ್ಬರ ಮುಂದೆ ಬಿಚ್ಚಿಡಲು ನಿಯಮಿತವಾಗಿ ಒಂದು ತಾಸು ಬೇಕು. ಅಳುವ ಕೂಸನ್ನು ನೋಡುತ್ತ ಎದುರಿನ ತಾಯಿಯ ಮೇಲೆ ರೇಗುವುದು ಅಪರೂಪವಲ್ಲ, ಮತ್ತು ಆ ಸಿಟ್ಟೇ ವರದಿಯ ಪದಗಳನ್ನು ಆರಿಸುತ್ತದೆ. ಸಮಯ ಸಾಲದಾಗ ಎಲ್ಲರೂ ಮೊದಲು ಕತ್ತರಿಸುವುದು ಈ ಒಂದು ತಾಸನ್ನೇ.

ಕಡೆಯ ಭೇಟಿ ಹೆತ್ತವರಿಗೆ ತಿಳಿಸುವುದಕ್ಕೆ. ಅದನ್ನು ಬಾಯಿಬಿಟ್ಟು ಅಭ್ಯಾಸ ಮಾಡಿಸಬೇಕು, ಮನಸ್ಸಿನಲ್ಲಿ ಅಂದುಕೊಂಡರೆ ಸಾಲದು. ಗಿಲಕಿಯ ವಿಡಿಯೊವನ್ನು ಆ ತಾಯಿಗೇ ತೋರಿಸಿ, ಕೂಸು ನಕ್ಕ ಕಡೆ ಮೊದಲು ನಿಲ್ಲಿಸಬೇಕು. ಆಮೇಲೆ ಮುಖ ಹೊರಳಿಸಿದ ಕಡೆ ನಿಲ್ಲಿಸಿ, ‘ಇಲ್ಲಿ ಪಾಪುಗೆ ಏನು ಅನ್ನಿಸುತ್ತಿರಬಹುದು ಅಮ್ಮ?’ ಎಂದು ಕೇಳಿ ಸುಮ್ಮನಿರಬೇಕು. ಹತ್ತು ಸೆಕೆಂಡು ಸುಮ್ಮನಿರುವುದು ಅಭ್ಯಾಸವಾಗಲು ಕೆಲವರಿಗೆ ತಿಂಗಳುಗಳೇ ಹಿಡಿಯುತ್ತವೆ.