ಬ್ಯಾಟರಿಗೂ ಮೊದಲು ನಿಮ್ಮ ರಾತ್ರಿಯನ್ನು ಅಳೆಯಿರಿ

ಮಧ್ಯಾಹ್ನ ಹನ್ನೆರಡೂವರೆ, ತಲೆ ಸುಡುವ ಬಿಸಿಲು. ತಾರಸಿಯ ಮೇಲೆ ಹತ್ತು ಸೋಲಾರ್ ಪ್ಯಾನೆಲ್‌ಗಳು ಬಿಸಿಲಿಗೆ ಮೈಯೊಡ್ಡಿವೆ. ಕೆಳಗೆ ಮನೆಯೊಳಗೆ ಫ್ಯಾನ್ ನಿಂತಿದೆ, ಫ್ರಿಜ್‌ನ ಸದ್ದಿಲ್ಲ, ಇನ್ವರ್ಟರ್‌ನಲ್ಲಿ ಕೆಂಪು ದೀಪ ಮಿನುಗುತ್ತಿದೆ. ಮನೆಯ ಯಜಮಾನರು ನನ್ನನ್ನು ಕರೆಸಿದ್ದು ಅದನ್ನು ತೋರಿಸುವುದಕ್ಕೆ. ‘ಹಾಕಿಸಿ ಮೂರು ತಿಂಗಳಾಗಿಲ್ಲ, ಆಗಲೇ ಕೆಟ್ಟಿದೆ ನೋಡಿ ಸಾರ್. ಕರೆಂಟ್ ಹೋದರೂ ಮನೆ ನಡೀಲಿ ಅಂತ ತಾನೇ ಹಾಕಿಸಿದ್ದು?’

ಏನೂ ಕೆಟ್ಟಿರಲಿಲ್ಲ. ಇನ್ವರ್ಟರ್ ಎಂದರೆ ಪ್ಯಾನೆಲ್‌ನ ಕರೆಂಟನ್ನು ಮನೆಯ ಬಳಕೆಗೆ ಒಗ್ಗಿಸುವ ಪೆಟ್ಟಿಗೆ. ಗ್ರಿಡ್‌ಗೆ, ಅಂದರೆ ಊರಿನ ವಿದ್ಯುತ್ ಜಾಲಕ್ಕೆ ಜೋಡಿಸಿದ ಇನ್ವರ್ಟರ್, ಬೀದಿಯ ತಂತಿಯಲ್ಲಿ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲಬೇಕು. ಲೈನ್ ಆಫ್ ಆಗಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ತಾರಸಿಯಿಂದ ಹರಿದ ಕರೆಂಟ್ ಹೊಡೆದರೆ ಆತನ ಪ್ರಾಣವೇ ಹೋದೀತು. ಆ್ಯಂಟಿ-ಐಲ್ಯಾಂಡಿಂಗ್ ಎಂಬ ಈ ರಕ್ಷಣೆಗೆ, ಎಂಜಿನಿಯರ್‌ಗಳ ಅಂತರರಾಷ್ಟ್ರೀಯ ಸಂಸ್ಥೆ ಐಇಇಇಯ 1547 ಮಾನದಂಡ ಕೊಡುವ ಗಡುವು ಎರಡೇ ಸೆಕೆಂಡ್. ಇದನ್ನು ಮಾರುವ ಹೊತ್ತಿನಲ್ಲೇ ಬಿಡಿಸಿ ಹೇಳಬೇಕಿತ್ತು. ಯಾರೂ ಹೇಳಿರಲಿಲ್ಲ. ನನ್ನ ವೃತ್ತಿಯಲ್ಲಿ ನನಗೆ ಅತ್ಯಂತ ಬೇಸರ ತರಿಸುವ ಸಂಗತಿ ಇದೇ.

ಆ ಯಜಮಾನರ ಮುಂದಿನ ಪ್ರಶ್ನೆ ಸಹಜವಾಗಿತ್ತು: ‘ಹಾಗಾದ್ರೆ ಬ್ಯಾಟರಿ ಹಾಕಿಸಿಬಿಡ್ಲಾ?’ ಇದಕ್ಕೆ ನಾನು ಒಮ್ಮೆಲೇ ಹೂಂ ಅನ್ನುವುದಿಲ್ಲ, ಬೇಡ ಅಂತಲೂ ಅನ್ನುವುದಿಲ್ಲ. ಸೋಲಾರ್ ಮನೆಯಲ್ಲಿ ಬ್ಯಾಟರಿ ಎರಡು ಕೆಲಸ ಮಾಡಬಲ್ಲದು. ಕರೆಂಟ್ ಹೋದಾಗ ಮನೆ ನಡೆಸುವುದು ಒಂದು, ಹಗಲಿನ ವಿದ್ಯುತ್ತನ್ನು ರಾತ್ರಿಗೆ ಇಟ್ಟುಕೊಂಡು ಬಿಲ್ ಇಳಿಸುವುದು ಇನ್ನೊಂದು. ಎರಡರ ಲೆಕ್ಕವೂ ಬೇರೆ. ಬಿಲ್ ಇಳಿಸಲು ಬ್ಯಾಟರಿ ದಿನವೂ ತುಂಬಿ ಖಾಲಿಯಾಗಬೇಕು. ಆಪತ್ತಿಗೆ ಒದಗಲು ಸದಾ ಒಂದಷ್ಟು ತುಂಬಿರಬೇಕು. ಎರಡನ್ನೂ ಕಲಸಿಕೊಂಡು ಕೊಂಡವರು ಒಂದರಲ್ಲಾದರೂ ನಿರಾಶರಾಗುವುದನ್ನು ನೋಡಿದ್ದೇನೆ.

ಮೊದಲು ನಿಮ್ಮ ರಾತ್ರಿಯನ್ನು ಅಳೆಯಿರಿ. ಇದನ್ನು ನನಗಿಂತ ಚೆನ್ನಾಗಿ ಮಾಡಿದವರು ಒಬ್ಬ ಹಿರಿಯ ತಾಯಿ. ಅವರ ಪತಿಗೆ ಶ್ವಾಸಕೋಶದ ಕಾಯಿಲೆ, ರಾತ್ರಿಯಿಡೀ ಆಕ್ಸಿಜನ್ ಕಾನ್ಸಂಟ್ರೇಟರ್ ಓಡಬೇಕು. ಯಾರೋ ಅವರಿಗೆ 15 ಯೂನಿಟ್ ಹಿಡಿಯುವ ಬ್ಯಾಟರಿ ಬೇಕೇ ಬೇಕು ಎಂದು ಕೊಟೇಶನ್ ಕೊಟ್ಟು ಹೋಗಿದ್ದರು. ನಾನು ಹೇಳಿದ್ದು ಇಷ್ಟೆ: ‘ಅಮ್ಮ, ಎರಡು ವಾರ ಸಂಜೆ ಆರಕ್ಕೆ, ಬೆಳಗ್ಗೆ ಆರಕ್ಕೆ ಮೀಟರ್ ನೋಡಿ ಬರೆದಿಡಿ.’ ಗೆರೆ ಎಳೆದ ನೋಟ್‌ಬುಕ್ಕಿನಲ್ಲಿ ದುಂಡಗಿನ ಅಕ್ಷರದಲ್ಲಿ ಅವರು ಬರೆದಿಟ್ಟಿದ್ದರು. ಮೊದಲ ಸಾಲು: ಸಂಜೆ 4812.4, ಬೆಳಗ್ಗೆ 4817.1. ಅಂದರೆ ಆ ರಾತ್ರಿ 4.7 ಯೂನಿಟ್. ಹದಿನಾಲ್ಕು ರಾತ್ರಿಗಳಲ್ಲಿ ಅತಿ ಹೆಚ್ಚೆಂದರೆ 5.2. ಆ ಯಂತ್ರ ಸುಮಾರು 300 ವ್ಯಾಟ್ ಎಳೆಯುತ್ತದೆ, ಹನ್ನೆರಡು ಗಂಟೆಗೆ 3.6 ಯೂನಿಟ್. ಉಳಿದದ್ದು ಫ್ರಿಜ್, ಫ್ಯಾನ್, ಎರಡು ದೀಪ.

5.2 ಯೂನಿಟ್ ಬೇಕು ಎಂದರೆ 5.2ರ ಬ್ಯಾಟರಿ ಸಾಲದು. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ ಶೇ 90ರಷ್ಟನ್ನು ಬಳಸಬಹುದು, ಇನ್ವರ್ಟರ್‌ನಲ್ಲಿ ಇನ್ನೊಂದು ಶೇ 5 ಸೋರುತ್ತದೆ. ಹಾಗಾಗಿ ಸುಮಾರು 6 ಯೂನಿಟ್‌ನದು ಬೇಕು. ಅದೇ ಲೆಡ್-ಆ್ಯಸಿಡ್ ಆದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಇಳಿಸಿದರೆ ಆಯುಷ್ಯ ಕರಗುತ್ತದೆ. ಆಗ ಬೇಕಾಗುವುದು ಸುಮಾರು 11 ಯೂನಿಟ್. 12 ವೋಲ್ಟ್, 150 ಆ್ಯಂಪಿಯರ್-ಅವರ್‌ನ ಒಂದು ಟ್ಯೂಬ್ಯುಲರ್ ಬ್ಯಾಟರಿ ಎಂದರೆ 1.8 ಯೂನಿಟ್, ಅಂಥವು ಆರೇಳು. ಅವನ್ನು ಇಡುವ ಜಾಗ, ಕಾಲಕಾಲಕ್ಕೆ ಹಾಕುವ ಡಿಸ್ಟಿಲ್ಡ್ ವಾಟರ್, ಚಾರ್ಜ್ ಆಗುವಾಗ ಹೊರಬರುವ ಹೈಡ್ರೋಜನ್‌ಗೆ ಗಾಳಿಯಾಡುವ ಕಿಟಕಿ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. 15 ಯೂನಿಟ್ ಮಾತ್ರ ಯಾವ ಲೆಕ್ಕದಲ್ಲೂ ಬರಲಿಲ್ಲ.

ಅವರ ಮನೆಯಲ್ಲಿ ಬ್ಯಾಟರಿ ಬೇಕೇ ಎಂಬ ಪ್ರಶ್ನೆಯನ್ನು ದುಡ್ಡಿನಿಂದ ಅಳೆಯುವ ಹಾಗೇ ಇರಲಿಲ್ಲ. ಬೇಕಿತ್ತು, ಅಷ್ಟೆ. (ಅಂಥ ಮನೆಗಳಲ್ಲಿ ಬ್ಯಾಟರಿ ಇದ್ದರೂ ಪಕ್ಕದಲ್ಲಿ ಒಂದು ಆಕ್ಸಿಜನ್ ಸಿಲಿಂಡರ್ ತುಂಬಿಸಿಟ್ಟಿರಲೇಬೇಕು. ಯಾವ ಎಲೆಕ್ಟ್ರಾನಿಕ್ ಉಪಕರಣದ ಮೇಲೂ ಒಬ್ಬರ ಉಸಿರನ್ನು ಪೂರ್ತಿಯಾಗಿ ಹೊರಿಸಬಾರದು.)

ಬಿಲ್ ಇಳಿಸಲೆಂದು ಬ್ಯಾಟರಿ ಕೇಳುವವರ ಸಂಗತಿ ಬೇರೆ. ಅವರಿಗೆ ನಾನು ಹಾಳೆಯ ಮೇಲೆ ಒಂದು ಭಾಗಾಕಾರ ಮಾಡಿ ತೋರಿಸುತ್ತೇನೆ. ದಿನಕ್ಕೆ 5 ಯೂನಿಟ್ ಕೊಡುವ ಬ್ಯಾಟರಿ, ಮೋಡದ ದಿನ, ಮನೆಗೆ ಬೀಗ ಹಾಕಿದ ದಿನ ಕಳೆದು ವರ್ಷಕ್ಕೆ 300 ದಿನ ದುಡಿಯುತ್ತದೆ ಎನ್ನಿ. ವರ್ಷಕ್ಕೆ 1,500 ಯೂನಿಟ್, ಹತ್ತು ವರ್ಷಕ್ಕೆ 15,000. ಬ್ಯಾಟರಿ ಹಳತಾಗುತ್ತಾ ಹೋಗುತ್ತದೆ. ಹತ್ತು ವರ್ಷದ ಕೊನೆಗೆ ಶೇ 70ರಷ್ಟು ಸಾಮರ್ಥ್ಯ ಉಳಿದಿರುತ್ತದೆ ಎಂಬುದು ವಾರಂಟಿಗಳಲ್ಲಿ ಸಾಮಾನ್ಯವಾಗಿ ಕಾಣುವ ಮಾತು. ಸರಾಸರಿ ಶೇ 85 ಹಿಡಿದರೆ ಸಿಗುವುದು ಸುಮಾರು 12,700 ಯೂನಿಟ್. ಬ್ಯಾಟರಿಗೆ, ಅದರ ಅಳವಡಿಕೆಗೆ ಕೊಟ್ಟ ಒಟ್ಟು ದುಡ್ಡನ್ನು ಈ ಸಂಖ್ಯೆಯಿಂದ ಭಾಗಿಸಿ. ಒಂದು ಯೂನಿಟ್ಟನ್ನು ಹಗಲಿನಿಂದ ರಾತ್ರಿಗೆ ಸಾಗಿಸಲು ನೀವು ತೆರುವ ಕೂಲಿ ಅದು. ಈಗ ನಿಮ್ಮ ಬಿಲ್ ತೆಗೆಯಿರಿ. ಗ್ರಿಡ್‌ನಿಂದ ಕೊಳ್ಳುವ ಯೂನಿಟ್‌ನ ದರಕ್ಕೂ ಗ್ರಿಡ್‌ಗೆ ಮಾರುವ ಯೂನಿಟ್‌ನ ದರಕ್ಕೂ ಎಷ್ಟು ಅಂತರ? ಕೂಲಿ ಆ ಅಂತರಕ್ಕಿಂತ ಕಡಿಮೆ ಇದ್ದರೆ ಮಾತ್ರ ಬ್ಯಾಟರಿ ದುಡಿದು ಕೊಡುತ್ತದೆ.

ಕೊಟ್ಟ ಯೂನಿಟ್‌ಗೆ ಬದಲಾಗಿ ಅಷ್ಟೇ ಯೂನಿಟ್ ವಾಪಸ್ ಕೊಡುವ ನೆಟ್ ಮೀಟರಿಂಗ್ ನಿಮಗಿದ್ದರೆ ಆ ಅಂತರ ಸೊನ್ನೆ. ಆಗ ಗ್ರಿಡ್ಡೇ ನಿಮ್ಮ ಬ್ಯಾಟರಿ, ಅದೂ ಸವೆಯದ ಬ್ಯಾಟರಿ. ಕರೆಂಟ್ ಅಪರೂಪಕ್ಕೆ ಹೋಗುವ ಕಡೆ ಇಂಥವರಿಗೆ ನಾನು ಬ್ಯಾಟರಿ ಬೇಡ ಎಂದೇ ಹೇಳುತ್ತೇನೆ, ನನ್ನ ಕೈಯಿಂದ ಒಂದು ಕೆಲಸ ತಪ್ಪಿದರೂ ಸರಿ. ಆದರೆ ನಿಯಮ ಹೀಗೇ ಇರುತ್ತದೆ ಎನ್ನಲಾಗದು. ಕ್ಯಾಲಿಫೋರ್ನಿಯಾದ ದೊಡ್ಡ ಖಾಸಗಿ ವಿದ್ಯುತ್ ಕಂಪನಿಗಳ ಹೊಸ ಸೋಲಾರ್ ಗ್ರಾಹಕರಿಗೆ 2023ರ ಏಪ್ರಿಲ್‌ನಲ್ಲಿ ಈ ಸಮ ಲೆಕ್ಕ ನಿಂತುಹೋಯಿತು. ಅಲ್ಲಿಂದಾಚೆಗೆ ಅಲ್ಲಿ ಪ್ಯಾನೆಲ್ ಜೊತೆಗೇ ಬ್ಯಾಟರಿ ಹಾಕಿಸುವವರು ಹೆಚ್ಚಾದರು.

ಬ್ಯಾಟರಿಗೆ ಕೈ ಹಾಕುವ ಮೊದಲು ಇನ್ನೊಂದು ಕೆಲಸವಿದೆ. ಅದಕ್ಕೆ ಹೆಚ್ಚು ಖರ್ಚೂ ಇಲ್ಲ. 100 ಲೀಟರ್ ನೀರನ್ನು 30 ಡಿಗ್ರಿ ಬಿಸಿ ಮಾಡಲು ಸುಮಾರು 3.5 ಯೂನಿಟ್ ಬೇಕು. ಗೀಸರ್‌ಗೆ ಟೈಮರ್ ಹಾಕಿ, ಬೆಳಗಿನ ಜಾವದ ಬದಲು ಮಧ್ಯಾಹ್ನ ಕಾಯಿಸಿದರೆ ಅಷ್ಟೂ ಬಿಸಿಲಿನಿಂದಲೇ ಬರುತ್ತದೆ. ಚೆನ್ನಾಗಿ ಹೊದಿಕೆಯಿರುವ ಟ್ಯಾಂಕಿನಲ್ಲಿ ಸಂಜೆಯ ಸ್ನಾನಕ್ಕೆ ನೀರು ಬಿಸಿಯಾಗೇ ಇರುತ್ತದೆ. ವಾಷಿಂಗ್ ಮಷಿನ್, ಇಸ್ತ್ರಿ, ನೀರೆತ್ತುವ ಮೋಟಾರು ಇವೂ ಹಗಲಿಗೆ ಬರಲಿ. ಇಷ್ಟು ಮಾಡಿ ಮತ್ತೆ ರಾತ್ರಿಯ ಲೆಕ್ಕ ಬರೆದಾಗ, ಮೊದಲು ಕೇಳಿದ್ದಕ್ಕಿಂತ ಎಷ್ಟೋ ಸಣ್ಣ ಬ್ಯಾಟರಿ ಸಾಕೆನಿಸಿದ ಮನೆಗಳನ್ನು ಕಂಡಿದ್ದೇನೆ.

ಮೋಟಾರಿನ ವಿಷಯದಲ್ಲಿ ಎಚ್ಚರ ಬೇಕು. ಬ್ಯಾಟರಿಯಲ್ಲಿ ಎಷ್ಟು ಯೂನಿಟ್ ಹಿಡಿಯುತ್ತದೆ ಎಂಬುದು ಒಂದು, ಒಂದೇ ಸಲಕ್ಕೆ ಎಷ್ಟು ಕಿಲೋವ್ಯಾಟ್ ಕೊಡಬಲ್ಲದು ಎಂಬುದು ಇನ್ನೊಂದು. ತೊಟ್ಟಿ ದೊಡ್ಡದಿದ್ದರೂ ನಲ್ಲಿ ಸಣ್ಣದಿರಬಹುದು. ಒಂದು ಎಚ್‌ಪಿ ಮೋಟಾರು ಓಡುವಾಗ ಒಂದು ಕಿಲೋವ್ಯಾಟ್‌ನ ಆಸುಪಾಸಿನಲ್ಲಿ ಎಳೆಯುತ್ತದೆ, ಆದರೆ ಶುರುವಾಗುವ ಕ್ಷಣದಲ್ಲಿ ಅದರ ಐದಾರು ಪಟ್ಟು ಕರೆಂಟ್ ಕೇಳುತ್ತದೆ. ಸಣ್ಣ ಇನ್ವರ್ಟರ್ ಅಲ್ಲೇ ಟ್ರಿಪ್ ಆಗುತ್ತದೆ. ಅದಕ್ಕೇ ಮನೆಯ ಸರ್ಕ್ಯೂಟ್‌ಗಳ ಸ್ವಿಚ್‌ಗಳಿರುವ ಡಿಬಿ ಬಾಕ್ಸಿನಲ್ಲಿ ಅಗತ್ಯದ ಸರ್ಕ್ಯೂಟ್‌ಗಳನ್ನಷ್ಟೇ ಬೇರೆ ಮಾಡಿ ಬ್ಯಾಟರಿಯ ಕಡೆಗೆ ಕೊಡಬೇಕು. ಗೀಸರ್, ಎಸಿ, ಮೋಟಾರು ಆಚೆಗಿರಲಿ. ಇನ್ನು, ಮೂರು ದಿನ ಎಡೆಬಿಡದೆ ಮೋಡ ಕವಿದರೆ ಬ್ಯಾಟರಿ ತಾನಾಗಿ ಏನನ್ನೂ ಹುಟ್ಟಿಸುವುದಿಲ್ಲ. ತುಂಬಿಸಿದ್ದನ್ನು, ಅದರಲ್ಲೂ ಹತ್ತರಲ್ಲೊಂದು ಪಾಲು ಕಳೆದುಕೊಂಡು, ವಾಪಸ್ ಕೊಡುತ್ತದೆ.

ಬ್ಯಾಟರಿ ಇಡುವ ಜಾಗ ತಂಪಾಗಿರಲಿ. ಮಲಗುವ ಕೋಣೆ ಬೇಡ, ಮೆಟ್ಟಿಲ ಕೆಳಗೂ ಬೇಡ. ಬೆಂಕಿ ಬಿದ್ದರೆ ಹೊರಗೆ ಓಡುವ ದಾರಿಯೇ ಅದು. ಐರನ್ ಫಾಸ್ಫೇಟ್ ಬಗೆ ಲಿಥಿಯಂ ಬ್ಯಾಟರಿಗಳಲ್ಲೇ ಹೆಚ್ಚು ಶಾಖ ತಡೆಯುವಂಥದ್ದು, ಮನೆಗೆ ನಾನು ಅದನ್ನೇ ಹೇಳುವುದು. ಹಾಗೆಂದು ಅಸಡ್ಡೆ ಸಲ್ಲದು.

ಪ್ಯಾನೆಲ್ 25 ವರ್ಷ ಬಾಳುತ್ತದೆ, ಬ್ಯಾಟರಿ ಹತ್ತು-ಹದಿನೈದು. ಎರಡನ್ನೂ ಒಂದೇ ದಿನ ಕೊಳ್ಳಬೇಕೆಂದಿಲ್ಲ. ಈಗ ಪ್ಯಾನೆಲ್, ಬ್ಯಾಟರಿ ಎರಡನ್ನೂ ನಿಭಾಯಿಸಬಲ್ಲ ಹೈಬ್ರಿಡ್ ಇನ್ವರ್ಟರ್ ಹಾಕಿಸಿ ಬ್ಯಾಟರಿಯನ್ನು ಮುಂದಕ್ಕೆ ಹಾಕಬಹುದು. ಆದರೆ ‘ಬ್ಯಾಟರಿ ರೆಡಿ’ ಎಂಬ ಮಾತಿಗೆ ಮರುಳಾಗಬೇಡಿ. ಇನ್ವರ್ಟರ್ ಮತ್ತು ಲಿಥಿಯಂ ಬ್ಯಾಟರಿ ಒಂದು ಕೇಬಲ್ ಮೂಲಕ ಸದಾ ಮಾತಾಡಿಕೊಳ್ಳುತ್ತಿರುತ್ತವೆ, ಇಬ್ಬರ ಭಾಷೆ ಹೊಂದದಿದ್ದರೆ ಜೋಡಣೆ ನಡೆಯದು. ಯಾವ ಯಾವ ಬ್ಯಾಟರಿಗಳು ಹೊಂದುತ್ತವೆ ಎಂಬ ಪಟ್ಟಿಯನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿ.

ಕೆಲಸ ಮುಗಿದ ದಿನ ಸಹಿ ಹಾಕುವ ಮೊದಲು, ಕತ್ತಲಾದ ಮೇಲೆ, ಮೇನ್ ಸ್ವಿಚ್ ಇಳಿಸಿ ನೋಡಿ. ಆ ತಾಯಿಯ ಮನೆಯಲ್ಲಿ ರಾತ್ರಿ ಎಂಟಕ್ಕೆ ಹಾಗೆ ಮಾಡಿದೆವು. ಅಡುಗೆಮನೆಯ ದೀಪ ಆರಿತು, ಬೀದಿ ಕಡೆಯ ಕೋಣೆ ಕತ್ತಲಾಯಿತು. ಒಳಗಿನ ಕೋಣೆಯಲ್ಲಿ ಕಾನ್ಸಂಟ್ರೇಟರ್‌ನ ಬುಸ್ ಬುಸ್ ಸದ್ದು ಒಂದು ತಾಳವೂ ತಪ್ಪಲಿಲ್ಲ. ಅವರು ಬಾಗಿಲ ಬಳಿ ನಿಂತು ಪೂರ್ತಿ ಹತ್ತು ನಿಮಿಷ ಅದನ್ನು ಕೇಳಿಸಿಕೊಂಡರು. ಆಮೇಲೆ ನೋಟ್‌ಬುಕ್ ತಂದು ಆ ಹೊತ್ತಿನ ಮೀಟರ್ ಓದು ಬರೆದರು.